ವೇಷದೊಳಗಣ ಸ್ನೇಹ

ಆಂಗ್ಲ ನಿರ್ದೇಶಕರಾದ ಜೋ ಹಂಟಿಂಗ್ ಅವರ ‘ವಿ ಮೆಟ್ ಇನ್ ವರ್ಚುವಲ್ ರಿಯಾಲಿಟಿ’ ಎಂಬ ಸಾಕ್ಷ್ಯಚಿತ್ರವು 2022ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಯಿತು. ಇದರ ದೃಶ್ಯಗಳೆಲ್ಲವೂ ವಿಆರ್‌ಚಾಟ್ ಎಂಬ ಕಲ್ಪಿತ ಲೋಕದೊಳಗೇ ಚಿತ್ರಿತವಾದವು. ಕೋವಿಡ್ ಪಿಡುಗು ಜನರನ್ನು ಮನೆಗಳಲ್ಲಿ ಬಂಧಿಸಿದ್ದ ಕಾಲದಲ್ಲಿ, ಕಣ್ಣಿಗೆ ಯಂತ್ರವನ್ನು ಧರಿಸಿ, ತಮಗೊಪ್ಪಿದ ರೂಪವನ್ನು ತಾಳಿ, ಅಲ್ಲಿ ಕೂಡಿದವರ ಕಥೆಯಿದು.

ಇಲ್ಲಿನ ಪ್ರಣಯಿಗಳು ಬಣ್ಣದ ಬೊಂಬೆಗಳ ರೂಪದಲ್ಲಿ ವಿವಾಹವಾಗುವುದನ್ನು ಕಂಡು ನಗುವುದು ಸುಲಭ. ನಿರ್ದೇಶಕರು ನಗುವುದಿಲ್ಲ, ಇದು ಅವರ ಹಿರಿಮೆ. ಚಿತ್ರದ ಜೀವಾಳವಾದರೋ ಸಂಜ್ಞಾಭಾಷೆಯ ಪಾಠಶಾಲೆ. ಕೈಯಲ್ಲಿ ಹಿಡಿದ ಸಾಧನವು ಬೆರಳುಗಳ ಚಲನೆಯನ್ನೆಲ್ಲ ಗ್ರಹಿಸಲಾರದು. ಆದಕಾರಣ ಕೆಲವು ಸಂಜ್ಞೆಗಳನ್ನು ಮಾರ್ಪಡಿಸಿಕೊಳ್ಳಬೇಕಾಗುತ್ತದೆ. ಕಿವಿ ಕೇಳದವರೊಡನೆ ಸಂಭಾಷಿಸಲು ಕೇಳುವವರು ಪಡುವ ಈ ಶ್ರಮವು, ಮುಖವು ಕೃತಕವಾದ ಮಾತ್ರಕ್ಕೆ ಕೃತಕವಾಗದು. ಸ್ನೇಹಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಆದರೂ ಒಂದು ನ್ಯೂನತೆಯನ್ನು ಹೇಳದೆ ವಿಧಿಯಿಲ್ಲ. ಚಿತ್ರವು ಆ ಲೋಕವನ್ನು ಬಿಟ್ಟು ಹೊರಕ್ಕೆ ಬರುವುದೇ ಇಲ್ಲ. ಯಂತ್ರವನ್ನು ಕಳಚಿದ ಮೇಲೆ ಅವರವರ ಕೋಣೆಯ ಏಕಾಂತವು ಎಂತಹುದು? ಆ ಲೋಕದ ಒಡೆತನವು ಒಂದು ಕಂಪೆನಿಯದಾಗಿರಲು, ಅದು ಬಾಗಿಲು ಮುಚ್ಚಿದರೆ ಈ ಬಾಂಧವ್ಯಗಳ ಗತಿಯೇನು? ಇವಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಅನುಕಂಪವು ವಿಚಾರವನ್ನು ಹಿಂದಕ್ಕೆ ತಳ್ಳಿದೆ. ಆದರೆ ಅನುಕಂಪವಿಲ್ಲದೆ ಹೋಗಿದ್ದರೆ ಆ ಪಾಠಶಾಲೆಯ ಒಳಗಿನವರೆಗೂ ನಮಗೆ ಪ್ರವೇಶ ದೊರೆಯುತ್ತಿರಲಿಲ್ಲ. ಸಹೃದಯರು ಇದನ್ನು ಅವಶ್ಯವಾಗಿ ನೋಡತಕ್ಕದ್ದು.