ಗುರುವಿನ ತೊದಲು, ಕುದುರೆಯ ಕವಚ

ಇಂಪೀರಿಯಲ್ ಸಿಟಿಯ ದೇಗುಲದಲ್ಲಿ ಟ್ಯಾಂಡಿಲ್ವೆ ಎಂಬ ಎಲ್ಫ್ ಹೆಂಗಸಿದ್ದಾಳೆ. ಮಾತುಗಾರಿಕೆ ಕಲಿಸುವುದೇ ಆಕೆಯ ಕಸುಬು. 2006ರ ‘ಒಬ್ಲಿವಿಯನ್’ ಗೇಮಿನಲ್ಲಿ ಈ ಮಾತಿನ ಗುರು ಒಂದು ಸಾಲಿನ ನಡುವೆ ತಡವರಿಸಿ, ಇರಿ, ಇನ್ನೊಂದು ಸಲ ಹೇಳಿಬಿಡ್ತೀನಿ ಎನ್ನುವ ಧಾಟಿಯಲ್ಲಿ ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಒಪ್ಪಿಸುತ್ತಾಳೆ. ದನಿ ಕೊಟ್ಟ ಕಲಾವಿದೆಯ ಕೆಟ್ಟ ಟೇಕ್ ಅದು. ಕತ್ತರಿಸದೆ ಹಾಗೇ ಉಳಿದುಬಿಟ್ಟಿತ್ತು. 2025ರ ಏಪ್ರಿಲ್ 22ರಂದು, ಘೋಷಣೆಯಾದ ದಿನವೇ ಮಾರಾಟಕ್ಕೂ ಬಂದ ರೀಮಾಸ್ಟರ್‌ನಲ್ಲೂ ಆಕೆ ಹಾಗೇ ತಡವರಿಸುತ್ತಾಳೆ. ಬೇಕೆಂದೇ ಉಳಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಮರುಬಿಡುಗಡೆಯಲ್ಲೇ ಜಾಣ ನಿರ್ಧಾರ ಅದು.

ಮೂಲ ಗೇಮು ತಯಾರಿಸಿದ ಬೆಥೆಸ್ಡಾ ಜೊತೆ ಕೈಜೋಡಿಸಿದ ವರ್ಚುಯೊಸ್ ತಂಡ ಹಳೆಯ ಎಂಜಿನ್ನನ್ನು ಕಿತ್ತೆಸೆದಿಲ್ಲ. ಕಣ್ಣಿಗೆ ಬೀಳುವುದನ್ನೆಲ್ಲ ಅನ್‌ರಿಯಲ್ ಎಂಜಿನ್ 5 ಚಿತ್ರಿಸುತ್ತದೆ, ಲೆಕ್ಕಾಚಾರವೆಲ್ಲ ಹಳೆಯದರದೇ. ಹೀಗಾಗಿ ಕಾವಲುಗಾರರ ಹುಚ್ಚಾಟಗಳು, ಊರವರ ತಲೆಬುಡವಿಲ್ಲದ ಹರಟೆ ಎಲ್ಲವೂ ಹೊಸ ಚರ್ಮದಡಿ ಜೀವಂತ. ಒಂದೇ ಡಿವಿಡಿಯಲ್ಲಿ ಕೂರುತ್ತಿದ್ದ ಗೇಮು ಈಗ ನೂರು ಜಿಬಿ ದಾಟಿದೆ, ಅದು ಬೇರೆ ಮಾತು.

ಆದರೆ ಹಳೆಯ ತಪ್ಪುಗಳೆಲ್ಲ ಟ್ಯಾಂಡಿಲ್ವೆಯಷ್ಟು ಮುದ್ದಲ್ಲ. ಮೂಲದಲ್ಲಿ ಲೆವೆಲ್ ಏರುವುದೇ ಒಂದು ಶಿಕ್ಷೆಯಾಗಿತ್ತು. ಶಕ್ತಿಯೋ ಚುರುಕೋ ಒಂದೇ ಏಟಿಗೆ ಐದಂಕ ಹೆಚ್ಚಬೇಕೆಂದರೆ, ಅದಕ್ಕೆ ಸೇರಿದ ವಿದ್ಯೆಗಳನ್ನು ಆ ಲೆವೆಲ್ಲಿನೊಳಗೇ ಹತ್ತು ಸಲ ಏರಿಸಿಕೊಂಡಿರಬೇಕು. ಲೆಕ್ಕ ಬರೆದಿಟ್ಟುಕೊಂಡು ಆಡಿದವರುಂಟು. ಲೆಕ್ಕ ತಪ್ಪಿದವರು ಲೆವೆಲ್ ಏರಿದಷ್ಟೂ ಸೊರಗುತ್ತಿದ್ದರು, ಯಾಕೆಂದರೆ ಶತ್ರುಗಳೂ ಅವರ ಜೊತೆಜೊತೆಗೇ ಬಲಿಯುತ್ತಿದ್ದರು. ಈಗ ಪ್ರತಿ ಲೆವೆಲ್ಲಿಗೆ ಹನ್ನೆರಡು ಅಂಕ ಕೈಗಿಡುತ್ತಾರೆ, ಬೇಕಾದ ಗುಣಗಳಿಗೆ ಹಂಚಿಕೊಳ್ಳಿ ಅಂತ. ಬಹಳ ಒಳ್ಳೆಯದಾಯಿತು.

ಅಷ್ಟಕ್ಕೇ ಕೈಬಿಟ್ಟರು ಎಂಬುದೇ ನನ್ನ ತಕರಾರು. ನಿಮ್ಮ ಲೆವೆಲ್ ಏರಿದರೆ ದಾರಿಗಳ್ಳನೂ ಗಾಜಿನ ಕವಚ ತೊಟ್ಟು ಬರುತ್ತಾನೆ. ಮೈಮೇಲೆ ಸಾವಿರಾರು ನಾಣ್ಯ ಬೆಲೆಯ ಉಡುಗೆ, ಕೇಳುವುದು ನೂರೇ ನಾಣ್ಯ! ಇದು 2006ರಲ್ಲೂ ನಗೆಪಾಟಲಾಗಿತ್ತು. ತೊದಲು ಪಾತ್ರಕ್ಕೊಂದು ಸೊಗಸು ತರುತ್ತದೆ. ಈ ಕಳ್ಳನೋ ಇಡೀ ಲೋಕದ ಮೇಲಿನ ನಂಬಿಕೆಯನ್ನೇ ಕದಿಯುತ್ತಾನೆ. ತಿದ್ದಬೇಕಾಗಿದ್ದದ್ದು ಇವನನ್ನು.

ತಿದ್ದಬಾರದ ಕಡೆ ಮಾತ್ರ ಕೈ ಧಾರಾಳವಾಗಿ ಓಡಿದೆ. ಆರಂಭದ ಚರಂಡಿ ಸುರಂಗದಿಂದ ಹೊರಬಿದ್ದ ಕೂಡಲೇ ಹಳೆಯ ಗೇಮು ಕಣ್ಣಿಗೆ ರಾಚುವ ಹಸಿರು ತೋರಿಸುತ್ತಿತ್ತು, ಅತಿಯೆನಿಸುವಷ್ಟು. ಆ ಅತಿಯೇ ಅದರ ಚೆಂದ. ಈಗ ಅದೇ ಜಾಗದ ಹುಲ್ಲಿಗೆ ಕಂದು ಛಾಯೆ ಹತ್ತಿದೆ. ಬೆಳಕು ಹೆಚ್ಚು ನಿಜ, ಹುಲ್ಲಿನ ಎಸಳು ಹೆಚ್ಚು ಸ್ಪಷ್ಟ, ಹಬ್ಬದ ಕಳೆ ಮಾತ್ರ ಇಲ್ಲ. ಬಯಲಲ್ಲಿ ಕುದುರೆ ಓಡಿಸಿದರೆ ಚಿತ್ರ ಆಗಾಗ ಮುಗ್ಗರಿಸುವುದೂ ಉಂಟು. ಹೊಸ ಕನ್ಸೋಲ್‌ಗಳೂ ಅದಕ್ಕೆ ಹೊರತಲ್ಲ.

ಕುದುರೆ ಎಂದಾಗ ಕವಚದ ಕತೆ ಬಿಡಲಾಗದು. 2006ರಲ್ಲಿ ಕುದುರೆಯ ಅಲಂಕಾರಕ್ಕೆ ಪ್ರತ್ಯೇಕ ದುಡ್ಡು ಕೇಳಿ ಬೆಥೆಸ್ಡಾ ಲೋಕದೆಲ್ಲೆಡೆ ಲೇವಡಿಗೊಳಗಾಗಿತ್ತು. ರೀಮಾಸ್ಟರ್‌ನ ದುಬಾರಿ ಆವೃತ್ತಿಗೆ ಹತ್ತು ಡಾಲರ್ ಹೆಚ್ಚು. ಅದರ ಆಮಿಷಗಳಲ್ಲೊಂದು ಹೊಸ ಕುದುರೆ ಕವಚ. ತಮ್ಮನ್ನೇ ಗೇಲಿ ಮಾಡಿಕೊಂಡರೋ, ನಮ್ಮನ್ನೋ, ಹೇಳುವುದು ಕಷ್ಟ. ಹಳೆಯ ಕವಚ ಸಾದಾ ಆವೃತ್ತಿಯಲ್ಲೇ ಸೇರಿದೆ. ಕುದುರೆಗೆ ಅಷ್ಟು ಸಾಕು.