ಇಲಿಯ ಗುಲ್ಮ, ಎತ್ತಿನ ಜೀವ

ದೊಡ್ಡರೋಗವು ಭೂಮಿಯಿಂದ ಅಳಿದುಹೋಯಿತೆಂದು 2011ರಲ್ಲಿ ಸಾರಲಾಯಿತು. ಹಟ್ಟಿಹಟ್ಟಿಗಳನ್ನೇ ಬರಿದು ಮಾಡಿದ ವ್ಯಾಧಿಯದು. ಕೀರ್ತಿ ಸಹಜವಾಗಿ ಲಸಿಕೆಗೆ ಸಂದಿತು. ಆದರೆ ಲಸಿಕೆ ಪಡೆದ ದನಗಳಲ್ಲಿ ರಕ್ಷಣೆ ಮೂಡಿದೆಯೇ ಎಂಬುದನ್ನು ತಿಳಿಸಿದ್ದು ಏಕಮೂಲ ಪ್ರತಿಕಾಯವನ್ನು ಆಧರಿಸಿದ ರಕ್ತಪರೀಕ್ಷೆ. ಆ ಪ್ರತಿಕಾಯ ದೊರೆತದ್ದು ಇಲಿಯಿಂದ. ಗೋರಕ್ಷಣೆಯನ್ನು ಧರ್ಮಕಾರ್ಯವೆಂದು ನಡೆಸುವ ಸಮಾಜವು ಆ ಇಲಿಯನ್ನು ಮರೆಯುವಂತಿಲ್ಲ. ಎತ್ತಿನಂತೆ ಅದೂ ಪಂಚೇಂದ್ರಿಯ ಜೀವಿಯೇ.

1975ರಲ್ಲಿ ಕೇಂಬ್ರಿಜ್‌ನ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಪ್ರಕಟಿಸಿದ ಈ ವಿಧಾನಕ್ಕೆ 1984ರಲ್ಲಿ ನೊಬೆಲ್ ಮನ್ನಣೆ ದೊರೆಯಿತು. ರೋಗಾಣುವಿನ ಅಂಶವನ್ನು ಇಲಿಗೆ ಚುಚ್ಚಿ, ಪ್ರತಿಕಾಯ ಮೂಡಿದ ಬಳಿಕ ಅದನ್ನು ಕೊಂದು ಗುಲ್ಮವನ್ನು ತೆಗೆಯುತ್ತಾರೆ. ಗುಲ್ಮದ ಕೋಶಗಳನ್ನು ಕ್ಯಾನ್ಸರ್ ಕೋಶಗಳೊಡನೆ ಬೆಸೆದಾಗ ಸಾವಿಲ್ಲದ ಸಂಕರ ಕೋಶಗಳು ಹುಟ್ಟುತ್ತವೆ. ಒಂದೊಂದು ಕೋಶವಂಶವೂ ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸುತ್ತದೆ. ಹಿಂಸೆ ಇಲ್ಲಿಗೇ ನಿಂತಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಪ್ರತಿಕಾಯ ಹೇರಳವಾಗಿ ಬೇಕೆಂದಾಗ ಆ ಕೋಶಗಳನ್ನು ಮತ್ತಷ್ಟು ಇಲಿಗಳ ಉದರದೊಳಗೆ ಬಿಟ್ಟು, ಹೊಟ್ಟೆ ದ್ರವದಿಂದ ಉಬ್ಬಿದ ಮೇಲೆ ಸೂಜಿಯಿಂದ ಬಸಿದುಕೊಳ್ಳುವ ಪದ್ಧತಿ ದಶಕಗಳ ಕಾಲ ನಡೆಯಿತು. ಅದೇ ಕೋಶಗಳನ್ನು ಪ್ರಯೋಗಶಾಲೆಯ ಪಾತ್ರೆಯಲ್ಲಿಯೂ ಬೆಳೆಸಬಹುದು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯೇ ಪಾತ್ರೆಯ ಕೃಷಿ ವಾಡಿಕೆಯಾಗಬೇಕೆಂದಿತು. ಕೆಲವು ಸಂದರ್ಭಗಳಲ್ಲಿ ಇಲಿ ಬೇಕಾದೀತೆಂದೂ ಸೇರಿಸಿತು. ಆ ‘ಕೆಲವು’ ಎಂಬ ಬಾಗಿಲಿನಿಂದ ಅಗ್ಗವೂ ಅನುಕೂಲವೂ ಅನಿವಾರ್ಯತೆಯ ವೇಷ ತೊಟ್ಟು ಒಳನುಸುಳಬಲ್ಲವು. ಎತ್ತಿನ ಹೆಸರಿನಲ್ಲಿ ಈ ಎರಡನೆಯ ಹಿಂಸೆಯನ್ನು ಸಮರ್ಥಿಸುವುದು ಸಲ್ಲದು.

ಇನ್ನೊಂದು ಮಾರ್ಗವೂ ಇದೆ. ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ಎಂಬ ವೈರಸ್‌ಗಳ ಮೈಮೇಲೆ ಕೋಟ್ಯಂತರ ಬಗೆಯ ಪ್ರತಿಕಾಯದ ತುಣುಕುಗಳನ್ನು ಮೂಡಿಸಿ, ಬೇಕಾದುದನ್ನು ಆರಿಸಿಕೊಳ್ಳುವ ಕ್ರಮವದು. ಇದರ ಪ್ರವರ್ತಕರಾದ ಜಾರ್ಜ್ ಸ್ಮಿತ್ ಮತ್ತು ಗ್ರೆಗ್ ವಿಂಟರ್ 2018ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು. 2020ರಲ್ಲಿ ಯೂರೋಪಿನ ಪರ್ಯಾಯ ವಿಧಾನಗಳ ಕೇಂದ್ರವು ಪ್ರತಿಕಾಯಗಳಿಗಾಗಿ ಇನ್ನು ಪ್ರಾಣಿಗಳನ್ನು ಬಳಸಬಾರದೆಂದು ಶಿಫಾರಸು ಮಾಡಿತು. ಇದು ಸ್ವಾಗತಾರ್ಹ. ಆದರೂ ‘ಪ್ರಾಣಿರಹಿತ’ ಎಂಬ ಮುದ್ರೆ ಕಂಡೊಡನೆ ಪ್ರಶ್ನೆಯನ್ನು ಮುಗಿಸಲಾಗದು. ಇಂಥ ಕೆಲವು ಸಂಗ್ರಹಗಳು ಲಸಿಕೆ ಪಡೆದ ಪ್ರಾಣಿಯ ಗುಲ್ಮದಿಂದಲೇ ಆರಂಭವಾಗುತ್ತವೆ. ಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ಇನ್ನೂ ಹುಟ್ಟದ ಕರುವಿನ ರಕ್ತದ ಸೀರಮ್ ಬೆರೆಸುವ ರೂಢಿಯೂ ಉಂಟು. ಸೀರಮ್ ಇಲ್ಲದ ದ್ರಾವಣಗಳು ದೊರೆಯುತ್ತಿರುವಾಗಲೂ ಉಂಟು.

ಪಶುಲಸಿಕೆಯ ಸಂಶೋಧನೆಗೆ ತನ್ನದೇ ಆದ ಒಂದು ತೊಡಕಿದೆ. ಹಸುವಿನ ದೇಹವೇ ರೋಗಾಣುವಿನ ಯಾವ ಭಾಗವನ್ನು ಗುರುತಿಸಿ ತಡೆಯುತ್ತದೆಂಬುದು ಲಸಿಕೆ ರೂಪಿಸುವವರಿಗೆ ತಿಳಿಯಬೇಕು. ಇಲಿಯ ಪ್ರತಿಕಾಯ ಅದನ್ನು ಪೂರ್ತಿಯಾಗಿ ಹೇಳಲಾರದು. ಲಸಿಕೆ ಪಡೆದ ಹಸುವಿನ ತುಸು ರಕ್ತವನ್ನು ತೆಗೆದು, ಪ್ರತಿಕಾಯ ತಯಾರಿಸುವ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಅವುಗಳ ಜೀನ್‌ಗಳನ್ನು ಓದಿ, ಪ್ರತಿಕಾಯವನ್ನು ಪಾತ್ರೆಯಲ್ಲಿ ತಯಾರಿಸುವ ಕ್ರಮ ಈಗ ರೂಢಿಗೆ ಬಂದಿದೆ. ಇದರಲ್ಲಿ ಸೂಜಿಯ ನೋವುಂಟು, ಸಾವು ಬೇಕಿಲ್ಲ. ಹಸುವಿನ ಹಿತಕ್ಕಾಗಿ ಹಸುವಿನ ಹನಿ ರಕ್ತವನ್ನು ಪಡೆಯುವುದಕ್ಕೂ, ಅದೇ ಹಿತಕ್ಕಾಗಿ ಇಲಿಯನ್ನು ಕೊಲ್ಲುವುದಕ್ಕೂ ಅಂತರವಿದೆ. ಎರಡನ್ನೂ ‘ಪ್ರಯೋಗ’ ಎಂಬ ಒಂದೇ ಮಾತಿನಡಿ ಖಂಡಿಸುವವರು ಈ ಅಂತರವನ್ನು ಗಮನಿಸುವುದಿಲ್ಲ.

ಕೃತ, ಕಾರಿತ, ಅನುಮೋದನಗಳ ವಿವೇಚನೆ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಕುರಿಮೇಕೆಗಳ ಹಿರೇಬೇನೆಯನ್ನು ಪತ್ತೆಹಚ್ಚಲು ಮುಕ್ತೇಶ್ವರದಲ್ಲಿ ರೂಪಿಸಿದ ಪರೀಕ್ಷೆಯೂ ಏಕಮೂಲ ಪ್ರತಿಕಾಯವನ್ನೇ ಆಧರಿಸಿದೆ. ಇಂಥ ಪರೀಕ್ಷೆಗಳ ಕೋಶವಂಶಗಳು ಶೀತಲ ಭಂಡಾರಗಳಲ್ಲಿ ಉಳಿಯಬಲ್ಲವು. ಅವುಗಳಿಗಾಗಿ ಮತ್ತೊಮ್ಮೆ ಗುಲ್ಮ ತೆಗೆಯಬೇಕಾಗಿಲ್ಲ. ಪಶುಚಿಕಿತ್ಸಾ ಶಿಬಿರಕ್ಕೆ ಹಣ ಕೊಡುವವರು ಪೂರೈಕೆದಾರನನ್ನು ಕೇಳಬೇಕಾದುದು ಇಷ್ಟೇ: ಈ ಪ್ರತಿಕಾಯ ಬೆಳೆದದ್ದು ಪಾತ್ರೆಯಲ್ಲಿಯೋ, ಇಲಿಯ ಹೊಟ್ಟೆಯಲ್ಲಿಯೋ?