ಒಂದು ಗಂಟೆಯ ಕತ್ತಲೆ

2007ರ ಮಾರ್ಚ್ 31ರ ರಾತ್ರಿ ಸಿಡ್ನಿಯಲ್ಲಿ ಮೊದಲ ‘ಅರ್ಥ್ ಅವರ್’ ನಡೆಯಿತು. ಹವಾಮಾನ ಬದಲಾವಣೆಯ ಅರಿವಿಗಾಗಿ ಮನೆಯ ದೀಪಗಳನ್ನು ಒಂದು ಗಂಟೆ ಆರಿಸಿ ಎಂಬ ಕರೆ ಅದು. ಡಬ್ಲ್ಯುಡಬ್ಲ್ಯುಎಫ್‌ನ ಆಸ್ಟ್ರೇಲಿಯಾ ಶಾಖೆಯ ಜೊತೆ ಲಿಯೋ ಬರ್ನೆಟ್ ಎಂಬ ಜಾಹೀರಾತು ಸಂಸ್ಥೆಯೂ ಅದನ್ನು ರೂಪಿಸಿತ್ತು. ಕತ್ತಲಾದ ಅಪೆರಾ ಹೌಸ್, ಹಾರ್ಬರ್ ಸೇತುವೆಗಳ ಚಿತ್ರ ಜಗತ್ತನ್ನು ಸುತ್ತಿತು. 2009ರಲ್ಲಿ ಭಾರತವೂ ಸೇರಿಕೊಂಡಿತು. ಜಾಹೀರಾತಿನವರ ಕೈವಾಡವಿರುವುದರಿಂದ ಇದನ್ನೊಂದು ಕೃತಿಯಂತೆ ಓದಿದರೆ ತಪ್ಪಿಲ್ಲ.

ಮಾಮೂಲು ಟೀಕೆ ಲೆಕ್ಕದ್ದು. ಒಂದು ಗಂಟೆಯಲ್ಲಿ ಉಳಿಯುವ ವಿದ್ಯುತ್ತೆಷ್ಟು? ಬದಲಿಗೆ ಹಚ್ಚುವ ಮೇಣದಬತ್ತಿಯೂ ಪೆಟ್ರೋಲಿಯಂನ ಕೂಸಲ್ಲವೇ? ರೂಪಕವನ್ನು ತಕ್ಕಡಿಗೆ ಹಾಕುವ ಮಾತಿದು, ನನಗೆ ರುಚಿಸುವುದಿಲ್ಲ. ತೂಗಲೇಬೇಕೆಂದರೆ 2020ರ ಏಪ್ರಿಲ್ 5 ಇದೆ. ಕೊರೊನಾ ಕಾಲದ ಆ ರಾತ್ರಿ ಪ್ರಧಾನಿ ಕರೆಯಂತೆ ದೇಶ 9 ನಿಮಿಷ ದೀಪ ಆರಿಸಿದಾಗ ವಿದ್ಯುತ್ ಬೇಡಿಕೆ 31,000 ಮೆಗಾವ್ಯಾಟ್‌ಗೂ ಹೆಚ್ಚು ಕುಸಿಯಿತು. ಅಂದಾಜಿಸಿದ್ದರ ಎರಡು ಪಟ್ಟು ಅದು. ಮನೆಯ ಬಲ್ಬು ಅಷ್ಟು ಹಗುರವೇನಲ್ಲ. ಆದರೆ ಆ ಕುಸಿತದ ದೊಡ್ಡ ಪಾಲನ್ನು ಹೊತ್ತದ್ದು ಜಲವಿದ್ಯುತ್ ಘಟಕಗಳು. ಅವನ್ನು ಚಕ್ಕನೆ ಇಳಿಸಬಹುದು, ಏರಿಸಬಹುದು. ಕಲ್ಲಿದ್ದಲಿನ ಬಾಯ್ಲರ್ ಅಷ್ಟು ಬೇಗ ಬಗ್ಗುವುದಿಲ್ಲ.

ನನ್ನ ತಕರಾರು ರೂಪಕದ ಬಗೆಗೇ. ಕನ್ನಡದ ಮನೆಗಳಲ್ಲಿ ‘ದೀಪ ಆರಿಸು’ ಎನ್ನಲು ಹಿರಿಯರು ಹಿಂಜರಿಯುತ್ತಿದ್ದರು. ‘ದೊಡ್ಡದು ಮಾಡು’ ಎನ್ನುತ್ತಿದ್ದರು. ಆರುವುದಕ್ಕೆ ಸಾವಿನ ನೆರಳಿತ್ತು. ಕರೆಂಟಿನ ಕಾಲದಲ್ಲಿ ಆ ಅಳುಕು ಹೋಯಿತು, ‘ಕರೆಂಟು ಹೋಯ್ತು’ ಎಂಬ ಗೊಣಗಾಟ ಬಂತು. ಹೀಗೆ ನಮ್ಮ ಕತ್ತಲೆ ಹೆಚ್ಚಾಗಿ ಬಂದೆರಗುವಂಥದು, ಆರಿಸಿಕೊಂಡದ್ದಲ್ಲ. ತ್ರೀ ಫೇಸ್ ರಾತ್ರಿ ಮಾತ್ರ ಕೊಡುವ ಊರಿನಲ್ಲಿ ಟಾರ್ಚು ಹಿಡಿದು, ಹಾವಿಗೆ ಹೆದರಿ, ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೋಗುವ ರೈತನಿಗೆ ವಿದ್ಯುತ್ತೂ ಕತ್ತಲೂ ಒಟ್ಟಿಗೇ ಬರುತ್ತವೆ. ಸ್ವಿಚ್ಚು ಆರಿಸುವ ತ್ಯಾಗ ಯಾವಾಗಲೂ ಬೆಳಕಿರುವ ಮನೆಗೆ ಮಾತ್ರ ಅರ್ಥವಾಗುವ ಭಾಷೆ.

ಸಿಡ್ನಿಯ ಆ ಚಿತ್ರದ ಚೌಕಟ್ಟಿನ ಹೊರಗೆ ಉಳಿದದ್ದನ್ನೂ ನೋಡಬೇಕು. ನಗರದ ಉತ್ತರಕ್ಕಿರುವ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲ ಗಣಿಗಳಿವೆ, ಸ್ಥಾವರಗಳಿವೆ. ಅದರ ನ್ಯೂಕ್ಯಾಸಲ್ ಬಂದರು ಜಗತ್ತಿನಲ್ಲೇ ಅತಿ ಹೆಚ್ಚು ಕಲ್ಲಿದ್ದಲು ರಫ್ತು ಮಾಡುವಂಥದು. ಅಪೆರಾ ಹೌಸಿನ ಕತ್ತಲೆ ಸುಂದರವಾಗಿದ್ದುದರಿಂದಲೇ ಅತ್ತ ಕಣ್ಣು ಹೊರಳಲಿಲ್ಲ. ನಮ್ಮಲ್ಲೂ ಅಷ್ಟೇ. ಆಚರಣೆಯ ವೇಳೆ ಈಗ ರಾತ್ರಿ 8.30ರಿಂದ 9.30. ಆ ಹೊತ್ತಿಗೆ ಪಾವಗಡದ ಸೌರ ಫಲಕಗಳು ಮಲಗಿರುತ್ತವೆ. ರಾಜ್ಯದ ಸಂಜೆಯ ಭಾರ ಹೊರುವವರಲ್ಲಿ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲಿನ ಸ್ಥಾವರಗಳೂ ಇವೆ. ದೀಪ ಆರಿಸುವ ಹೊತ್ತನ್ನು ಇಷ್ಟು ಸರಿಯಾಗಿ ಹಿಡಿದ ಆಚರಣೆ ಶಕ್ತಿನಗರದ ಹೆಸರನ್ನೇ ಎತ್ತುವುದಿಲ್ಲ. ತಪ್ಪೆಲ್ಲ ನಮ್ಮ ಹಜಾರದ ಬಲ್ಬಿನದು ಎಂಬಂತೆ ನಡೆದುಕೊಳ್ಳುತ್ತದೆ.

2023ರಿಂದ ಸಂಘಟಕರು ಕತ್ತಲೆಯನ್ನು ಸ್ವಲ್ಪ ಹಿಂದೆ ಸರಿಸಿ, ಭೂಮಿಗಾಗಿ ಒಂದು ಗಂಟೆ ಕೊಡಿ, ಏನಾದರೂ ಒಳ್ಳೆಯದು ಮಾಡಿ ಎನ್ನುತ್ತಿದ್ದಾರೆ. ಇದು ಇನ್ನೂ ತೆಳು. ಆರಿದ ಬಲ್ಬು ಕಡೇಪಕ್ಷ ವಿದ್ಯುತ್ತಿನ ಕಡೆಗೆ ಬೆರಳು ತೋರಿಸುತ್ತಿತ್ತು. ತಂತಿ ಹಿಡಿದು ಹೋಗಿದ್ದರೆ ಬೂದಿಯ ಹೊಂಡದವರೆಗೂ ತಲುಪಬಹುದಿತ್ತು.